ಬಾಗಿಲಿನ ಹೊರಮೈ

ಟೈಲರ್ ಚಿಕ್ಕಮ್ಮ ಮ್ಯೂಸಿಯಮ್ಮಿಗೆ ಕೊಟ್ಟಿದ್ದ ಸುಟ್ಟ ಬಾಗಿಲನ್ನು ಅಲ್ಲಿಯವರು ಕೆರೆದು, ಉಜ್ಜಿ, ಪಾಲಿಶ್ ಹೊಡೆದು, ಹೊಸ ಗ್ಯಾಲರಿಯ ನಡುಮಧ್ಯೆ ನಿಲ್ಲಿಸಿದ್ದರು. ಚಿಕ್ಕಮ್ಮನನ್ನು ಯಾರೂ ಕೇಳಿರಲಿಲ್ಲ.

ಚಿಕ್ಕಮ್ಮನ ಅಕ್ಕನ ಮಗಳು ಮಸಿ ಅಲ್ಲೇ ಕೆಲಸಕ್ಕಿದ್ದಳು. ಅವಳು ಅದನ್ನು ಕಂಡಿದ್ದು ಪರವೂರಿನಿಂದ ವಾಪಸಾದ ಮರುದಿನ ಬೆಳಿಗ್ಗೆ. ಆ ಬಾಗಿಲಿನ ಕಥೆಯನ್ನೇ ಹೇಳಿ ಬಾ ಎಂದು ಮ್ಯೂಸಿಯಂ ಅವಳನ್ನು ಒಂದು ದೊಡ್ಡ ಸಮ್ಮೇಳನಕ್ಕೆ ಕಳಿಸಿತ್ತು. ದೇಶ ದೇಶಗಳ ಮ್ಯೂಸಿಯಂನವರು ಕೂತಿದ್ದ ಸಭೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡದ ಎರಡು ಬೀದಿಯವರು ಒಂದು ಸುಟ್ಟ ಹಲಗೆಯ ಸುತ್ತ ಕೂತು ಮಾತಾಡಿದ ಬಗೆಯನ್ನು ಅವಳು ಹೇಳಿದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಲ್ಲಿ ಚಪ್ಪಾಳೆ ಬೀಳುತ್ತಿದ್ದ ಹೊತ್ತಿಗೆ ಇಲ್ಲಿ ಕೆರೆಯುವ ಕೆಲಸ ನಡೆದಿತ್ತು.

ಗೇಟಿನ ಕಾವಲುಗಾರನಿಗೆ ಮೀಸೆ ಎಂದೇ ಹೆಸರು. ದಿನಾ ಬೆಳಿಗ್ಗೆ ಅವಳನ್ನು ರೇಗಿಸದೆ ಒಳಗೆ ಬಿಟ್ಟವನಲ್ಲ. ಅವತ್ತು ಬೀಗದ ಕೈಗೊಂಚಲಿನಲ್ಲಿ ಏನನ್ನೋ ಹುಡುಕುತ್ತ ನಿಂತಿದ್ದ.

"ಏನ್ ಮೀಸೆಯವರೇ, ಮಾತೇ ಇಲ್ಲ?"

"ಒಳಗೆ ಹೋಗಿ ಮೇಡಂ. ಗೋಡೆ ಮುಟ್ಬೇಡಿ, ಪೇಂಟ್ ಇನ್ನೂ ಹಸಿ ಇದೆ."

ಮೊದಲಿಗೆ ಅವಳಿಗೆ ಅದು ಬೇರೆ ಯಾವುದೋ ಬಾಗಿಲು ಅನ್ನಿಸಿತು. ಜೇನಿನ ಬಣ್ಣದ ಮರ, ದೀಪ ಬಿದ್ದು ಮಿರಮಿರ ಹೊಳೆಯುತ್ತಿತ್ತು. ಹೊಸ ಚೌಕಟ್ಟು, ಹೊಸ ಹೊಸ್ತಿಲು, ಹಿತ್ತಾಳೆಯ ಹೊಸ ಹಿಡಿ. ಎಲ್ಲಿಂದ ತಂದರಪ್ಪ ಇದನ್ನು ಎಂದುಕೊಂಡು ಹತ್ತಿರ ಹೋದಳು. ಅಂಚಿನಲ್ಲಿ ಹಳೆಯ ಕೀಲು ಕಿತ್ತುಬಂದು ಸೀಳಿದ ಗುರುತು ಕಂಡಿತು. ಅದಕ್ಕೂ ಮರದ ಹುಡಿ ತುಂಬಿ ನುಣ್ಣಗೆ ಮಾಡಿದ್ದರು, ಆದರೆ ಬಣ್ಣ ಸರಿಯಾಗಿ ಕೂಡಿರಲಿಲ್ಲ. ಆ ಸೀಳನ್ನು ಅವಳು ಮಗುವಾಗಿದ್ದಾಗಿನಿಂದ ಬೆರಳಾಡಿಸಿ ಬಲ್ಲಳು. ಪಕ್ಕದ ಗೋಡೆಯ ಮೇಲೆ ಫಲಕ: "ತೆರೆದ ಬಾಗಿಲು. ನೆರೆಹೊರೆಯ ಸೌಹಾರ್ದಕ್ಕೆ ಸಾಕ್ಷಿಯಾದ ಕೆಳಗಿನ ಬೀದಿಯ ಮನೆಯೊಂದರ ಬಾಗಿಲು." ಮೇಲೆ, ಇಡೀ ಗೋಡೆಯ ಉದ್ದಕ್ಕೆ, ಗ್ಯಾಲರಿಯ ಹೆಸರು: "ಒಂದೇ ಮನೆ."

ಅವಳಿಗೆ ಅಳು ಬರಲಿಲ್ಲ. ಫಲಕವನ್ನು ಇನ್ನೊಮ್ಮೆ ಮೊದಲಿನಿಂದ ಓದಿದಳು.

ಆ ಬಾಗಿಲಿನ ವಿಷಯ ಹೇಳಬೇಕೆಂದರೆ ಮಸಿ ಹುಟ್ಟುವ ಮುಂಚಿನ ಕಾಲಕ್ಕೆ ಹೋಗಬೇಕು. ಕೆಳಗಿನ ಬೀದಿಯವರು ಎಷ್ಟೋ ತಲೆಮಾರಿನ ಹಿಂದೆ ಬೇರೆ ಮಾತು ಆಡಿಕೊಂಡು ಬಂದು ನೆಲೆಸಿದವರು. ಮೇಲಿನ ಬೀದಿಯವರು ತಮ್ಮನ್ನು ದೇಶದವರೆಂದೂ ಇವರನ್ನು ಬಂದವರೆಂದೂ ಕರೆಯುತ್ತಿದ್ದರು. ಬಂದು ಎಷ್ಟು ಕಾಲವಾದರೂ ಬಂದವರೇ. ಒಂದು ಸಂಜೆ ಕೆಳಗಿನ ಬೀದಿ ಹೊತ್ತಿ ಉರಿಯಿತು. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಇರುವುದು ಒಂದೇ ಸಾಲು: ಒಲೆಯ ಕಿಡಿ ಹಾರಿ ಕೆಳಗಿನ ಬೀದಿಗೆ ಬೆಂಕಿ ಬಿತ್ತು, ನೆರೆಯವರು ಓಡಿ ಬಂದು ಆರಿಸಿದರು. ಮಸಿ ಆ ಸಾಲನ್ನು ಗಟ್ಟಿಯಾಗಿ ಓದಿ ಮಾರ್ಕು ತೆಗೆದುಕೊಂಡವಳು.

ಮನೆಯಲ್ಲಿ ಕೇಳಿದ್ದು ಬೇರೆ. ಬಾಗಿಲ ಚಿಲಕವನ್ನು ಯಾರೋ ಹೊರಗಿನಿಂದ ಹಾಕಿದ್ದರು. ಹೊರಮೈಗೆ ಎಣ್ಣೆ ಸುರಿದು ಕಡ್ಡಿ ಗೀರಿದ್ದರು. ಒಳಗಿದ್ದ ಸೋದರಮಾವ ಕೊಡಲಿಯಿಂದ ಕೀಲು ಸೀಳಿ ಬಾಗಿಲನ್ನು ಹೊರಕ್ಕೆ ಬೀಳಿಸಿದ. ಉರಿ ನೆಲಕ್ಕೆ ಒತ್ತಿ ಆರಿತು. ಅಜ್ಜಿಯ ಕಾಲು ಸುಟ್ಟಿತ್ತು. ಆಕೆಯನ್ನು ಅದೇ ಬಾಗಿಲಿನ ಒಳಮೈ ಮೇಲೆ ಮಲಗಿಸಿ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಆಸ್ಪತ್ರೆಗೆ ಹೊತ್ತರು: ತಾತ, ಮಾವ, ಸೊಂಟಕ್ಕೆ ಕೂಸನ್ನು ಕಟ್ಟಿಕೊಂಡ ಅಮ್ಮ, ಇನ್ನೂ ಲಂಗ ಹಾಕುತ್ತಿದ್ದ ಚಿಕ್ಕಮ್ಮ. ಆ ಕೂಸು ಮಸಿಯ ಅಣ್ಣ. ಅಜ್ಜಿ ಉಳಿಯಲಿಲ್ಲ. ಉಳಿದದ್ದು ಬಾಗಿಲು.

ಅಮ್ಮ ಹೋದ ಮೇಲೆ ಅಣ್ಣ ತಂಗಿ ಇಬ್ಬರನ್ನೂ ಸಾಕಿದ್ದು ಚಿಕ್ಕಮ್ಮ. ಬಾಡಿಗೆಯ ಕೋಣೆಯಲ್ಲಿ ಎರಡು ಗೂಟದ ಸ್ಟ್ಯಾಂಡಿನ ಮೇಲೆ ಆ ಬಾಗಿಲನ್ನು ಅಡ್ಡ ಹಾಕಿ, ಒಳಮೈ ಮೇಲಕ್ಕೆ ಮಾಡಿ, ಬಟ್ಟೆ ಕತ್ತರಿಸುವ ಮೇಜು ಮಾಡಿಕೊಂಡಳು. ಮೇಲೆ ಸೀಮೆಸುಣ್ಣದ ಗೆರೆ, ಕತ್ತರಿಯ ಕಚ್ಚು. ಕೆಳಗೆ ಕರಿ. ಮೇಜಿನಡಿ ಆಡುತ್ತಿದ್ದ ಹುಡುಗಿಯ ತಲೆಗೆ ಯಾವಾಗಲೂ ಕರಿ ಮೆತ್ತಿರುತ್ತಿತ್ತು. ಹಾಗೆ ಅವಳು ಮಸಿ ಆದಳು. ಮೇಲಿನ ಬೀದಿಯ ಹೆಂಗಸರೂ ಅಲ್ಲಿ ರವಿಕೆ ಹೊಲಿಸಿಕೊಳ್ಳುತ್ತಿದ್ದರು. ತಮ್ಮ ಬಟ್ಟೆಯ ಕೆಳಗೆ ಏನಿದೆ ಎಂದು ಒಬ್ಬರೂ ಬಗ್ಗಿ ನೋಡಿದವರಲ್ಲ.

ಮ್ಯೂಸಿಯಮ್ಮಿನಲ್ಲಿ ಮಸಿಯದು ಹೊಸ ಬಗೆಯ ಕೆಲಸ. ಎರಡು ಕಡೆಯವರನ್ನು ಕರೆದು, ಒಂದು ವಸ್ತುವನ್ನು ನಡುವೆ ಇಟ್ಟು, ಸುತ್ತ ಕುರ್ಚಿ ಹಾಕಿ ಮಾತಾಡಿಸುವುದು. ಮೊದಲು ವಸ್ತು ತಂದವರ ಮಾತು, ಆಮೇಲೆ ಉಳಿದವರದು. ಆರಂಭದಲ್ಲಿ ಪಾತ್ರೆ, ತೊಟ್ಟಿಲು, ಹಳೇ ರೇಡಿಯೋ ಇಟ್ಟಳು. ಬಂದವರು "ನಮ್ಮನೇಲೂ ಇಂಥದ್ದೇ ಇತ್ತು" ಎಂದು ನಕ್ಕು, ಕಾಫಿ ಕುಡಿದು ಎದ್ದು ಹೋದರು. ಆಗ ಅವಳಿಗೆ ಬಾಗಿಲು ನೆನಪಾಯಿತು. ಚಿಕ್ಕಮ್ಮನ ಮುಂದೆ ಕೂತು ಬೇಡಿಕೊಂಡಳು.

"ಹೇಗಿದೆಯೋ ಹಾಗೇ ಇರುತ್ತೆ ಚಿಕ್ಕಮ್ಮ. ಒಂದು ಚೂರೂ ಯಾರೂ ಮುಟ್ಟಲ್ಲ. ನಾನಿದ್ದೀನಲ್ಲ."

"ನೀನಿದ್ದೀಯ ಅಂತಾನೇ ಕೊಡ್ತಿರೋದು" ಅಂದಿದ್ದಳು ಚಿಕ್ಕಮ್ಮ. "ಅವರ ಮುಖ ನೋಡಿ ನಾನು ಗುಂಡಿನೂ ಕೊಡಲ್ಲ."

ಮೊದಲ ಸಲ ಬಾಗಿಲಿಟ್ಟು ಕೂತಾಗ ಮೇಲಿನ ಬೀದಿಯಿಂದ ಬಂದವರಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದ. ಚಿಕ್ಕಮ್ಮ ಹೇಳುವುದನ್ನೆಲ್ಲ ತಲೆ ತಗ್ಗಿಸಿ ಕೇಳಿ, ಕೊನೆಗೆ, "ನಾವು ಓದಿದ್ದು ಒಲೆ ಕಿಡಿ ಅಂತಮ್ಮ" ಅಂದ. ಆಮೇಲೆ ಎದ್ದು ಬಾಗಿಲನ್ನು ಸುತ್ತು ಹಾಕಿದ.

"ಇದರ ಒಳಗಡೆ ಯಾವುದು?"

"ಕತ್ತರಿ ಗುರುತು ಇರೋದು."

"ಹಾಗಾದ್ರೆ ಸುಟ್ಟಿರೋದು ಹೊರಗಡೆ." ಮತ್ತೊಂದು ಸುತ್ತು ಹಾಕಿದ. "ಒಲೆ ಬೆಂಕಿ ಆಗಿದ್ರೆ ಒಳಗಡೆ ಸುಡ್ಬೇಕಾಗಿತ್ತಲ್ಲ."

"ನಲವತ್ತು ವರ್ಷದಿಂದ ಅದನ್ನೇ ಬಡ್ಕೊಳ್ತಿದ್ದೀನಿ. ಕೇಳೋರು ಬೇಕಲ್ಲ ಸ್ವಾಮಿ."

ಅವನು ಅಂಗೈಯನ್ನು ಆ ಕರಿಯ ಮೇಲೆ ಇಟ್ಟ. ತೆಗೆದಾಗ ಕೈ ಕಪ್ಪಾಗಿತ್ತು. ಯಾರೋ ಕಾಗದದ ಕರವಸ್ತ್ರ ಚಾಚಿದರು, ಬೇಡ ಅಂದ. ಮುಂದಿನ ವಾರ ಹೆಂಡತಿಯನ್ನು ಕರೆತಂದ, ಅದರ ಮುಂದಿನ ವಾರ ಅಕ್ಕಪಕ್ಕದವರನ್ನು. ಎಲ್ಲರೂ ಕರಗಿಬಿಟ್ಟರೆಂದಲ್ಲ. ಹಳೇ ಗಾಯ ಯಾಕೆ ಕೆರೀತೀರಿ ಎಂದು ರೇಗಿ ಎದ್ದು ಹೋದವರೂ ಇದ್ದರು. ಒಬ್ಬಾಕೆ ಕೋಣೆಯ ಬಾಗಿಲಲ್ಲೇ ನಿಂತು, "ನಿಮಗೆ ಈ ದೇಶ ಏನು ಕಮ್ಮಿ ಮಾಡಿದೆ?" ಎಂದು ಕೇಳಿ ಹೋಗಿ, ಹತ್ತು ನಿಮಿಷಕ್ಕೆ ವಾಪಸ್ ಬಂದು ಕೂತಳು. ಸಮ್ಮೇಳನದಲ್ಲಿ ಮಸಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದು ಈ ಹತ್ತು ನಿಮಿಷದ ಮಾತನ್ನೇ.

ಮ್ಯೂಸಿಯಮ್ಮಿನಲ್ಲಿ ಮುರಿದದ್ದನ್ನು ಕೂಡಿಸಿ, ಹುಳು ಹಿಡಿದದ್ದಕ್ಕೆ ಮದ್ದು ಹಾಕುವವನನ್ನು ಎಲ್ಲರೂ ಡಾಕ್ಟರು ಎನ್ನುತ್ತಿದ್ದರು. ಮಸಿಯೂ ಅವನೂ ಎಷ್ಟೋ ವರ್ಷದಿಂದ ಒಂದೇ ಬೆಂಚಿನಲ್ಲಿ ಊಟದ ಡಬ್ಬಿ ಬಿಚ್ಚಿದವರು. ಅವಳು ಸೀದಾ ಅವನ ಕೋಣೆಗೆ ಹೋದಳು.

"ಯಾರು ಹೇಳಿದ್ದು?"

"ಮೊದಲು ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಯಾರು ಹೇಳಿದ್ದು?"

"ಡೈರೆಕ್ಟರ್ ಮೇಡಂ. ಕೈಗೆ ಕರಿ ಹತ್ತುತ್ತೆ ಅಂತ ದೂರು ಬಂದಿದೆ ಅಂದ್ರು. ಉದ್ಘಾಟನೆಗೆ ಮಂತ್ರಿಗಳು ಬರ್ತಾರೆ, ಬಿಳಿ ಬಟ್ಟೆ ಹಾಕ್ಕೊಂಡು ಬರ್ತಾರೆ ಅಂದ್ರು." ಅವನು ಕುಂಚವನ್ನು ತೊಳೆದದ್ದನ್ನೇ ತೊಳೆಯುತ್ತಿದ್ದ. "ನಿಮ್ಮನ್ನ ಒಂದು ಮಾತು ಕೇಳೋಣ ಅಂದೆ. ಅವರ ಮನೆಯವರೇ ಒಪ್ಪಿದ್ದಾರೆ ಅಂದ್ರು."

"ನಮ್ಮ ಮನೆಯವರಾ? ಯಾರು?"

"ನಿಮ್ಮಣ್ಣ. ಗ್ಯಾಲರಿ ಸಮಿತಿಗೆ ನಿಮ್ಮ ಬೀದಿ ಕಡೆಯಿಂದ ಅವರನ್ನೇ ಹಾಕ್ಕೊಂಡಿದ್ರಲ್ಲ, ಆ ಸಭೇಲಿ."

ಅವಳು ಅಲ್ಲಿದ್ದ ಪೊಟ್ಟಣಗಳ ಸಾಲಿನ ಮೇಲೆ ಕಣ್ಣಾಡಿಸಿದಳು. "ಕೆರೆದ ಕರಿ ಎಲ್ಲಿದೆ?"

ಅವನು ಕುಂಚವನ್ನು ಮತ್ತೆ ನೀರಿಗೆ ಅದ್ದಿದ. ಒಡೆದ ಮಡಕೆಯ ಪುಡಿಯನ್ನೂ ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದು ಎತ್ತಿಡುವ ಮನುಷ್ಯ. ಪುಡಿ ಅಂತ ಎಸೆದ್ರೆ ನಾಳೆ ಯಾರೋ ಬಂದು ಕೇಳ್ತಾರೆ ಕಣ್ರೀ ಎಂದು ಅವಳಿಗೇ ಪಾಠ ಹೇಳಿದವನು.

"ಡಾಕ್ಟರೇ, ಎಲ್ಲಿದೆ?"

"ಕಸದ ಗಾಡಿಗೆ ಹೋಯ್ತು."

"ಒಂದು ಫೋನ್ ಮಾಡ್ಬಹುದಿತ್ತು ನೀವು."

"ಮಾಡಿದ್ರೆ ನೀವು ಬೇಡ ಅಂತಿದ್ರಿ" ಅಂದ ಡಾಕ್ಟರು. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿದವನಂತೆ ನಾಲಿಗೆ ಕಚ್ಚಿಕೊಂಡ. ಆದರೆ ಬಾಯಿಂದ ಬಿದ್ದದ್ದು ಬಿದ್ದಾಗಿತ್ತು.

ಡೈರೆಕ್ಟರ್ ಮೇಡಂ ಬೈಯುವ ಜಾತಿಯವರಲ್ಲ. ಬೆನ್ನು ಸವರುತ್ತ ಮಾತಾಡುವವರು. ಮಸಿಯನ್ನು ಕೂರಿಸಿ, ತಾವೇ ನೀರು ಬಗ್ಗಿಸಿ ಕೊಟ್ಟರು.

"ನಿಮಗೆ ನೋವಾಗಿದೆ, ಗೊತ್ತು ನನಗೆ. ಆದ್ರೆ ಯೋಚ್ನೆ ಮಾಡಿ. ಇಡೀ ಕಟ್ಟಡದಲ್ಲಿ ನಿಮ್ಮ ಜನರ ಒಂದು ಚಮಚ ಇರ್ಲಿಲ್ಲ. ಇವತ್ತು ನಿಮ್ಮ ಮನೆ ಬಾಗಿಲು ನಡುಮಧ್ಯೆ ನಿಂತಿದೆ. ದೇಶ ಅಂದ್ರೆ ಯಾರು ಅನ್ನೋ ಮಾತೇ ಬದಲಾಗ್ತಿದೆ. ಸಂವಾದ ಅಂದ್ಮೇಲೆ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡ್ಬೇಕು."

"ಅವರೇನು ಬಿಟ್ಟುಕೊಟ್ರು ಮೇಡಂ?"

"ನೋಡಿ, ಹಾಗೆಲ್ಲ ತಕ್ಕಡಿ ಹಿಡಿಯೋಕಾಗಲ್ಲ." ಮೇಡಂ ನಕ್ಕರು. "ನಾಳೆ ನಿಮ್ಮ ಚಿಕ್ಕಮ್ಮ ಬಾಗಿಲು ತೆಗೀತಾರೆ, ಮಂತ್ರಿಗಳು ಆ ಬಾಗಿಲಿಂದ ಒಳಗೆ ಬರ್ತಾರೆ. ಚಿಕ್ಕಮ್ಮ ಒಂದೆರಡು ಮಾತಾಡ್ಲಿ. ಖುಷಿಯ ಮಾತು. ನೀವು ಕರ್ಕೊಂಡು ಬನ್ನಿ, ಅಷ್ಟು ಸಾಕು. ನಿಮ್ಮ ಕೆಲಸ ಖಾಯಂ ಮಾಡೋ ವಿಷಯಾನೂ ನಾನು ಮರೆತಿಲ್ಲ. ಆಮೇಲೆ ಬೇಕಾದ್ರೆ ಪಕ್ಕದಲ್ಲೊಂದು ಪರದೆ ಹಾಕಿ ಹಳೇ ಫೋಟೋನೂ ತೋರಿಸೋಣ. ಆರು ತಿಂಗಳು ಹೋಗ್ಲಿ."

ಸುಳ್ಳು ಹೇಳಬಾರದು, ಆ ಪರದೆಯ ಮಾತಿಗೆ ಮಸಿ ಒಂದು ಗಳಿಗೆ ಕೈಚಾಚಿದಳು. ಫೋಟೋ ಇದೆಯಲ್ಲ, ಅದರಲ್ಲಿ ಕರಿ ಕಾಣುತ್ತದಲ್ಲ, ಇಷ್ಟಾದರೂ ಸಿಕ್ಕಿತಲ್ಲ ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ಮೆಟ್ಟಿಲಿಳಿದು ಬೀದಿಗೆ ಬಂದಾಗ ಆ ಲೆಕ್ಕ ತಲೆಯಲ್ಲಿ ಇನ್ನೂ ನಡೆದೇ ಇತ್ತು. ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಅಣ್ಣನದು ಕನ್ನಡಕದ ಅಂಗಡಿ, ಮೇಲಿನ ಬೀದಿಯ ಮೂಲೆಯಲ್ಲಿ. ಕೆಳಗಿನ ಬೀದಿಯವರ ಪೈಕಿ ಅಲ್ಲಿ ಅಂಗಡಿ ಹಾಕಿದ್ದು ಅವನೇ ಮೊದಲು. ಅವಳು ಹೋದಾಗ ಯಾರದೋ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದ. ಗಿರಾಕಿ ಹೋಗುವವರೆಗೂ ನಗುತ್ತಲೇ ಇದ್ದ. ಹೋದ ಮೇಲೆ ಗಾಜಿನ ಬಾಗಿಲು ಎಳೆದುಕೊಂಡ.

"ಬೈಯೋಕೆ ಬಂದಿದ್ದೀಯ. ಬೈದುಬಿಡು, ಊಟಕ್ಕೆ ಹೋಗ್ಬೇಕು."

"ಯಾಕೋ ಹಾಗೆ ಮಾಡ್ದೆ?"

"ಏನು ಮಾಡ್ದೆ? ಒಂದು ಹಲಗೆ ತೊಳೀರಿ ಅಂದೆ."

"ಅದರಿಂದ ತಾನೇ ಗೊತ್ತಾಗ್ತಿದ್ದಿದ್ದು, ಬೆಂಕಿ ಹೊರಗಡೆಯಿಂದ ಇಟ್ಟಿದ್ದು ಅಂತ. ಬೇರೆ ಏನಿದೆ ನಮ್ಮ ಹತ್ರ? ಪುಸ್ತಕ ಅವರದು, ಕಚೇರಿ ಅವರದು. ಇದ್ದಿದ್ದು ಅದೊಂದೇ."

"ಗೊತ್ತಾಗಿ ಏನಾಯ್ತು?" ಅಣ್ಣ ಮೆಲ್ಲಗೆ ಕೇಳಿದ. "ಒಬ್ಬ ಕಂಡಕ್ಟರ್ ಅತ್ತ. ನೀನು ವಿಮಾನ ಹತ್ತಿ ಹೋಗಿ ಚಪ್ಪಾಳೆ ತಗೊಂಡೆ. ನಾನು ದಿನಾ ಇದೇ ಬೀದೀಲಿ ಅಂಗಡಿ ತೆಗೀಬೇಕು ಕಣೆ. ನನ್ನ ಮಗಳನ್ನ ಸ್ಕೂಲಲ್ಲಿ ಏನಂತಾರೆ ಗೊತ್ತಾ? ಸುಟ್ಟ ಬಾಗಿಲ ಮನೆಯವಳು ಅಂತ. ನಿನ್ನ ಆ ಸಭೆಗಳಿಂದಾನೇ ಬಂದ ಹೆಸರು ಅದು. ಅದಕ್ಕೆ ಮುಂಚೆ ಅವಳು ಬರೀ ಅವಳಾಗಿದ್ಳು."

ಇದು ಮಸಿಗೆ ಗೊತ್ತಿರಲಿಲ್ಲ. ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿದ್ದ ಖಾಲಿ ಚೌಕಟ್ಟುಗಳನ್ನು ನೋಡುತ್ತ ನಿಂತಳು.

"ನೀನೂ ಒಳಗಿದ್ದೆ ಕಣೋ ಅವತ್ತು" ಅಂದಳು ಕೊನೆಗೆ. "ಅಮ್ಮನ ಸೊಂಟದಲ್ಲಿ."

"ಇದ್ನಂತೆ. ನನಗೆ ನೆನಪಿಲ್ಲ. ನೆನಪೇ ಇಲ್ಲದ್ದನ್ನ ಹುಟ್ಟಿದಾಗಿಂದ ಹೊತ್ಕೊಂಡು ತಿರುಗ್ತಿದ್ದೀನಿ, ಸಾಕಾಯ್ತು. ಈಗ ಕರೀತಿದ್ದಾರೆ, ಬನ್ನಿ, ನೀವೂ ನಮ್ಮವರೇ ಅಂತಿದ್ದಾರೆ. ಕರೆದಾಗ ಕೈಕಾಲು ಮುಖ ತೊಳ್ಕೊಂಡು ಹೋಗೋದು ಬಿಟ್ಟು..."

"ಮುಖ ತೊಳ್ಕೊಂಡಲ್ಲ. ಮುಖಾನೇ ತೆಗೆದಿಟ್ಟು ಹೋಗು ಅಂತಿದ್ದಾರೆ. ಹೋಗ್ಲಿ, ಚಿಕ್ಕಮ್ಮನ್ನ ಕೇಳಿದ್ಯಾ?"

ಅಣ್ಣ ಕನ್ನಡಕ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ. "ಅವಳ ಎದುರು ನಿಂತು ಕೇಳೋ ಧೈರ್ಯ ಇದ್ದಿದ್ರೆ ಸಮಿತೀಲಿ ಯಾಕೆ ಹೇಳ್ತಿದ್ದೆ? ನೀನೇ ಹೇಳು. ನಿನ್ನ ಮಾತು ಅಂದ್ರೆ ಅವಳಿಗೆ ಬೆಣ್ಣೆ."

ಚಿಕ್ಕಮ್ಮನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಕಿಟಕಿಯ ಕಡೆ ಮುಖ ಮಾಡಿತ್ತು. ಕೊರಳಿಗೆ ಟೇಪು, ರವಿಕೆಯ ಅಂಚಿಗೆ ಸಾಲು ಸೂಜಿ. ಬಾಗಿಲು ಹೋದ ಜಾಗದಲ್ಲಿ ಮ್ಯೂಸಿಯಂ ಕೊಟ್ಟಿದ್ದ ಪ್ಲೈವುಡ್ ಮೇಜು ಬಂದಿತ್ತು.

"ಬಂದ್ಯಾ ಮಸಿ? ಅಲ್ಲಿ ಊಟ ಹಾಕಿದ್ರಾ, ಇಲ್ಲ ಬರೀ ಚಪ್ಪಾಳೆ ತಿಂದ್ಕೊಂಡು ಬಂದ್ಯಾ?"

"ಹಾಕಿದ್ರು ಚಿಕ್ಕಮ್ಮ."

"ಈ ಮೇಜು ನಿಮ್ಮೋರಿಗೇ ವಾಪಸ್ ಕೊಡು ಮಾರಾಯ್ತಿ. ಕತ್ತರಿ ಇಟ್ರೆ ಬಟ್ಟೆ ಜಾರುತ್ತೆ. ಮೊನ್ನೆ ಒಬ್ಬಳ ತೋಳು ಒಂದು ಉದ್ದ, ಒಂದು ಗಿಡ್ಡ ಆಯ್ತು. ನಿನ್ನ ಮಗನ ಅಂಗಡಿಗೇ ಹೋಗಿ ಕಣ್ಣು ತೋರಿಸ್ಕೋ ಅಂತ ಹೇಳಿ ಹೋದ್ಳು." ನಗುತ್ತ ತಲೆ ಎತ್ತಿದವಳು ಮಸಿಯ ಮುಖ ನೋಡಿ ನಗು ನಿಲ್ಲಿಸಿದಳು. "ಏನಾಯ್ತು?"

ಮಸಿ ಹೇಳಿದಳು. ಸುತ್ತು ಬಳಸದೆ, ಒಂದೂ ಬಿಡದೆ ಹೇಳಿದಳು. ಅಣ್ಣನ ಹೆಸರು ಬಂದಾಗ ಮಾತ್ರ ದನಿ ಸ್ವಲ್ಪ ತಗ್ಗಿತು. ಚಿಕ್ಕಮ್ಮ ಕೈಯಲ್ಲಿದ್ದ ರವಿಕೆಯ ತೋಳಿನ ಅಂಚನ್ನು ಮಡಿಸುತ್ತಲೇ ಇದ್ದಳು.

"ಪೂರ್ತಿ ಹೋಯ್ತಾ?"

"ಪೂರ್ತಿ."

"ಒಳಮೈ? ನನ್ನ ಕತ್ತರಿ ಗುರುತು?"

"ತುಂಬಿಬಿಟ್ಟಿದ್ದಾರೆ. ಪಾಲಿಶ್ ಹಾಕಿದ್ದಾರೆ."

"ಅಂದ್ರೆ ನಿಮ್ಮಜ್ಜಿನೂ ಹೋದ್ಳು, ನಾನೂ ಹೋದೆ." ಚಿಕ್ಕಮ್ಮ ದಾರವನ್ನು ಹಲ್ಲಿನಿಂದ ಕಡಿದಳು. "ಅವರು ಸುಟ್ಟಾಗ ಇಷ್ಟು ಉರಿದಿರ್ಲಿಲ್ಲ ಕಣೆ. ಅವರು ಯಾರೋ, ಕತ್ತಲಲ್ಲಿ ಮುಖಾನೂ ಕಾಣ್ಲಿಲ್ಲ. ಇವನನ್ನ ನಾನು ಎತ್ತಿ ಆಡಿಸಿದ್ದೀನಿ. ನಿನ್ನ ಮಾತಿಗೆ ಮೇಜು ಎತ್ತಿ ಕೊಟ್ಟಿದ್ದೀನಿ."

"ನಾನು ಇರ್ಲಿಲ್ಲ ಚಿಕ್ಕಮ್ಮ, ನನಗೆ..."

"ಇರ್ಲಿಲ್ಲ. ಹೌದು. ನಾನಿದ್ದೀನಲ್ಲ ಅಂದಿದ್ದೆ ನೀನು."

ಮಸಿ ನೆಲದ ಮೇಲಿನ ಬಟ್ಟೆಯ ಚೂರುಗಳನ್ನು ಹೆಕ್ಕತೊಡಗಿದಳು. ಅಷ್ಟರಲ್ಲಿ ಯಾರೋ ಹೆಂಗಸು ರವಿಕೆ ಕೇಳಿಕೊಂಡು ಬಂದಳು. ಚಿಕ್ಕಮ್ಮ ಗುಂಡಿ ಹಚ್ಚಿ, ಮಡಿಸಿ, ಕವರಿಗೆ ಹಾಕಿ ಕೊಟ್ಟು, ಒಂದು ಸಲ ತೊಳೆದ ಮೇಲೆ ಸರಿಯಾಗಿ ಕೂರುತ್ತೆ ನೋಡು ಎಂದು ಕಳಿಸಿದಳು. ಅವಳು ಹೋದ ಮೇಲೆ ಮಿಷನ್ನಿಗೆ ಹೊದಿಕೆ ಹಾಕಿದಳು.

"ನಾಳೆ ಎಷ್ಟು ಹೊತ್ತಿಗೆ?"

"ಹೋಗೋದು ಬೇಡ ಚಿಕ್ಕಮ್ಮ. ನಾನು ಅವರಿಗೆ ಹೇಳ್ತೀನಿ."

"ನೀನು ಹೇಳಿದ್ದು ಸಾಕು. ನನ್ನ ಬಾಗಿಲು, ನಾನು ನೋಡ್ತೀನಿ."

ಮರುದಿನ ಗ್ಯಾಲರಿಯಲ್ಲಿ ಬಾಗಿಲಿನ ಮುಂದೆ ಕುರ್ಚಿಗಳ ಸಾಲು, ಮೈಕು, ಕ್ಯಾಮೆರಾ. ಬಾಗಿಲನ್ನು ಮುಚ್ಚಿಟ್ಟಿದ್ದರು, ಮಂತ್ರಿ ಬಂದಾಗ ತೆಗೆಯಬೇಕಲ್ಲ. ಕಂಡಕ್ಟರನ್ನೂ ಕರೆಸಿ ಎರಡನೇ ಸಾಲಿನಲ್ಲಿ ಕೂರಿಸಿದ್ದರು. ಅವನು ಮಸಿಯನ್ನು ಕಂಡು ಎದ್ದು ಬಂದ. "ಅಮ್ಮ, ನಮ್ಮ ಬಾಗಿಲು ಎಲ್ಲಿ?" ಅಂದ. ಅದೇ ಎಂದು ಅವಳು ತೋರಿಸಿದಾಗ ನಂಬದೆ ಹತ್ತಿರ ಹೋಗಿ ನೋಡಿ ಬಂದು, ತನ್ನ ಅಂಗೈ ನೋಡಿಕೊಳ್ಳುತ್ತ ಕುರ್ಚಿಯಲ್ಲಿ ಕೂತುಬಿಟ್ಟ.

ಚಿಕ್ಕಮ್ಮ ದಿನದ ಸೀರೆಯಲ್ಲೇ ಬಂದಿದ್ದಳು. ಅಣ್ಣ ಕೋಟು ಹಾಕಿಕೊಂಡು ಎದುರು ಬಂದು, "ಬಾ ಚಿಕ್ಕಮ್ಮ" ಎಂದು ಕೈ ಹಿಡಿಯಲು ಹೋದ. ಅವಳು ಕೈ ಕೊಡಲೂ ಇಲ್ಲ, ಕೊಸರಿಕೊಳ್ಳಲೂ ಇಲ್ಲ. ಅಂಗಡಿಯಲ್ಲಿ ನಿಲ್ಲಿಸಿದ ಗೊಂಬೆಯನ್ನು ದಾಟಿಕೊಂಡು ಹೋಗುವ ಹಾಗೆ ಅವನ ಪಕ್ಕದಿಂದ ನಡೆದು ಹೋದಳು. ಬಾಗಿಲ ಮುಂದೆ ನಿಂತಳು. ಮೇಲಿನಿಂದ ಕೆಳಗೆ ನೋಡಿದಳು, ಬಟ್ಟೆಯ ನೇಯ್ಗೆ ನೋಡುವ ಕಣ್ಣಲ್ಲಿ.

ಡೈರೆಕ್ಟರ್ ಮೇಡಂ ನಗುನಗುತ್ತ ಬಂದರು. "ಹೇಗಿದೆಯಮ್ಮ? ನೂರು ವರ್ಷ ಏನೂ ಆಗಲ್ಲ ಇನ್ನು."

"ಆಗೋದೆಲ್ಲ ಆಗಿತ್ತಲ್ಲ ತಾಯಿ. ಅದನ್ನೇ ಅಲ್ವಾ ನೀವು ತೆಗೆದಿದ್ದು? ನನಗೆ ಇದನ್ನ ವಾಪಸ್ ಕೊಡಿ."

"ಅದು ಹಾಗಾಗಲ್ಲಮ್ಮ. ಇದು ಈಗ ದೇಶದ ಆಸ್ತಿ."

"ಸುಡುವಾಗ ಯಾರದಾಗಿತ್ತು?"

ಮೇಡಂ ಮಸಿಯ ಕಡೆ ನೋಡಿದರು. ಹೊರಗೆ ಕಾರುಗಳು ಬಂದು ನಿಂತ ಸದ್ದಾಯಿತು. ಮೀಸೆ ಓಡಿ ಬಂದು ಮೇಡಂ ಕಿವಿಯಲ್ಲಿ ಏನೋ ಹೇಳಿದ. ಆ ಗಡಿಬಿಡಿಯಲ್ಲಿ ಯಾರೂ ನೋಡದ ಹೊತ್ತಿಗೆ ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ ಹೊಸ್ತಿಲಿನ ಮೇಲೆ ಕೂತಳು. ಬೆನ್ನನ್ನು ಮುಚ್ಚಿದ ಬಾಗಿಲಿಗೆ ಆನಿಸಿದಳು. ಟೈಲರುಗಳು ಕೂರುವ ಹಾಗೆ ಕಾಲು ಮಡಿಸಿ, ಇಡೀ ದಿನಕ್ಕೆ ಕೂತ ಹಾಗೆ ಕೂತಳು.

"ಅಮ್ಮ, ಇಲ್ಲಿ ಕೂರೋ ಹಾಗಿಲ್ಲ" ಅಂದರು ಮೇಡಂ. "ಮಂತ್ರಿಗಳು ಈ ಬಾಗಿಲಿಂದಾನೇ ಬರ್ಬೇಕು."

"ನಮ್ಮನೆ ಬಾಗಿಲಿಂದ ಯಾರು ಬರ್ಬೇಕು ಅಂತ ನಾನು ಹೇಳ್ತೀನಿ."

ಅಣ್ಣ ಬಗ್ಗಿ ಅವಳ ಕಿವಿಯ ಹತ್ತಿರ ಬಂದ. ಅವನ ಹಣೆಯಲ್ಲಿ ಬೆವರು ಒಡೆದಿತ್ತು. "ಚಿಕ್ಕಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ಎದ್ದೇಳು. ಎಲ್ರೂ ನೋಡ್ತಿದ್ದಾರೆ. ಮರ್ಯಾದೆ ಹೋಗುತ್ತೆ."

"ನಿನ್ನದಾ ನನ್ನದಾ, ಮೊದಲು ಸರಿಯಾಗಿ ಹೇಳು."

ಮೇಡಂ ಮೀಸೆಗೆ ಸನ್ನೆ ಮಾಡಿದರು. ಮೀಸೆ ಎರಡು ಹೆಜ್ಜೆ ಮುಂದೆ ಬಂದು, ತನ್ನ ಬೂಟಿನ ತುದಿ ನೋಡುತ್ತ ನಿಂತ. "ಹೆಂಗಸರನ್ನ ಮುಟ್ಟೋ ಹಾಗಿಲ್ಲ ಮೇಡಂ, ನಮ್ಮ ರೂಲ್ಸು" ಎಂದು ಗೊಣಗಿದ. ಕ್ಯಾಮೆರಾದವರು ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಡಕ್ಟರ್ ತನ್ನ ಕುರ್ಚಿಯಿಂದ ಎದ್ದು ನಿಂತ. ಯಾಕೆ ಎದ್ದನೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ, ಆದರೆ ಮತ್ತೆ ಕೂರಲಿಲ್ಲ.

ಮಂತ್ರಿಯ ಜೊತೆಗಿನವರ ಮಾತು, ನಗು, ಬೂಟಿನ ಸದ್ದು ಮೆಟ್ಟಿಲವರೆಗೆ ಬಂದಿತ್ತು. ಡೈರೆಕ್ಟರ್ ಮೇಡಂ ಮಸಿಯ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ದನಿಯಲ್ಲಿ ಈಗ ಬೆನ್ನು ಸವರುವ ಮೆತ್ತನೆ ಇರಲಿಲ್ಲ.

"ನಿಮ್ಮ ಮಾತು ಅವರು ಕೇಳ್ತಾರೆ. ನೀವು ಕೇಳಿದ್ದಕ್ಕೆ ಬಾಗಿಲು ಕೊಟ್ರು, ನೀವು ಕರೆದಿದ್ದಕ್ಕೇ ಬಂದು ಕೂತು ಇಷ್ಟು ದಿನ ಮಾತಾಡಿದ್ರು. ಇದು ಹಾಳಾದ್ರೆ ನಿಮ್ಮ ಸಭೆ, ನಿಮ್ಮ ಕೆಲಸ, ನಿಮ್ಮ ಬೀದಿಯವರಿಗೆ ಇಲ್ಲಿ ಸಿಕ್ಕ ಜಾಗ, ಎಲ್ಲಾ ಹೋಗುತ್ತೆ. ನಾನು ಬೆದರಿಸ್ತಿಲ್ಲ, ಇರೋದು ಹೇಳ್ತಿದ್ದೀನಿ. ಹೋಗಿ. ಅವರನ್ನ ಎಬ್ಬಿಸಿ."

ಮಸಿ ಹೊಸ್ತಿಲ ಕಡೆ ನೋಡಿದಳು. ಚಿಕ್ಕಮ್ಮ ಇವಳ ಕಡೆ ನೋಡುತ್ತಿರಲಿಲ್ಲ. ಬಾ ಎನ್ನಲಿಲ್ಲ, ನನ್ನ ಪರ ನಿಲ್ಲು ಎನ್ನಲಿಲ್ಲ. ಮಸಿ ಏನು ಮಾಡುತ್ತಾಳೆಂದು ಕಾಯುವುದನ್ನೇ ಅವಳು ಬಿಟ್ಟಂತಿತ್ತು. ಮಸಿಗೆ ತಡೆಯಲಾಗದೆ ಹೋದದ್ದು ಅದು.

ಅವಳು ತನ್ನ ತೋಳನ್ನು ಬಿಡಿಸಿಕೊಂಡಳು.

"ಇಲ್ಲ ಮೇಡಂ" ಅಂದಳು. ಮೈಕಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅಂದಳು. "ನಾನು ಎಬ್ಬಿಸಲ್ಲ."